ತೆರ ಕೊಡುವವರು ಯಾರು?

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ನಡುವೆ ಕಬಿನಿಯ ಬಯಲಿನಲ್ಲಿ ಹದಿನಾರು ಎಂಬ ಊರಿದೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿನ ಕೆರೆಗೆ ಬಂದಿಳಿಯುವುದರಿಂದ ಈಚೆಗೆ ಅದರ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಚರಿತ್ರೆ ಓದಿದವರಿಗೆ ಊರು ಪರಿಚಿತವಾಗಿರುವುದು ಬೇರೊಂದು ಕಾರಣಕ್ಕೆ. ಮೈಸೂರು ಒಡೆಯರ ವಂಶದ ಮೂಲಕಥೆ ನಡೆಯುವುದು ಹದಿನಾಡಿನಲ್ಲಿ. ಆ ಹದಿನಾಡೇ ಇಂದಿನ ಹದಿನಾರು ಎನ್ನುತ್ತಾರೆ.

ಕಥೆಗೆ ಒಂದೊಂದು ಕಡೆ ಒಂದೊಂದು ರೂಪವಿದೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ದಕ್ಷಿಣ ಭಾರತದ ಇತಿಹಾಸದಲ್ಲಿ ಅದನ್ನು ಹೀಗೆ ಹೇಳುತ್ತಾನೆ: ಯದುಕುಲದ ಇಬ್ಬರು ಅಣ್ಣತಮ್ಮಂದಿರು ಅದೃಷ್ಟ ಹುಡುಕುತ್ತ ಈ ಕಡೆ ಬಂದರು. ಕೆರೆಯ ದಡದಲ್ಲಿ ಇಳಿದುಕೊಂಡಿದ್ದಾಗ ನೀರಿಗೆ ಬಂದ ಹೆಂಗಸರ ಮಾತು ಅವರ ಕಿವಿಗೆ ಬಿತ್ತು. ಊರಿನ ಒಡೆಯ ಬುದ್ಧಿಭ್ರಮಣೆಯಾಗಿ ಎಲ್ಲಿಗೋ ಹೊರಟುಹೋಗಿದ್ದಾನೆ. ಇದೇ ಸಮಯವೆಂದು ಪಕ್ಕದ ಕಾರುಗಹಳ್ಳಿಯ ನಾಯಕ, ಮಗಳನ್ನು ಕೊಡುತ್ತೀರೋ ಯುದ್ಧಕ್ಕೆ ಬರುತ್ತೀರೋ ಎಂದು ಕೂತಿದ್ದಾನೆ. ಮನೆಯವರು ಅಳುತ್ತಳುತ್ತಲೇ ಮದುವೆಗೆ ಒಪ್ಪಿದ್ದಾರೆ. ಮುಂದಿನದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಣ್ಣತಮ್ಮಂದಿರು ಔತಣದ ಮನೆಯಲ್ಲಿ ಅಡಗಿ ಕೂತು ನಾಯಕನನ್ನು ಕೊಂದರು. ಹಿರಿಯನು ಹುಡುಗಿಯನ್ನು ಮದುವೆಯಾಗಿ ಹದಿನಾಡು, ಕಾರುಗಹಳ್ಳಿ ಎರಡಕ್ಕೂ ಒಡೆಯನಾದ. ಕನ್ನಡದ ಪರಂಪರೆ ಅವನನ್ನು ಯದುರಾಯನೆಂದೂ ಅವಳನ್ನು ದೇವಾಜಮ್ಮಣ್ಣಿಯೆಂದೂ ಕರೆಯುತ್ತದೆ. ವರ್ಷ 1399 ಎನ್ನುತ್ತದೆ. ಮದುವೆಗೆ ಅವನು ಜಂಗಮರ ಮತವನ್ನು ಒಪ್ಪಬೇಕಾಯಿತು ಎಂದೂ ವಿಲ್ಕ್ಸ್ ಬರೆದಿದ್ದಾನೆ.

ಒಂದು ಹೆಣ್ಣಿಗಾಗಿ ಒಬ್ಬ ತಲೆ ಕೊಟ್ಟ, ಇನ್ನೊಬ್ಬ ಮತ ಕೊಟ್ಟ. ಹುಡುಗಿಯನ್ನು ಕೇಳಿದವರು ಯಾರೂ ಇಲ್ಲ. ಅವಳು ಏನು ಕೊಟ್ಟಳು ಎಂಬುದನ್ನು ಲೆಕ್ಕ ಹಾಕಿದವರೂ ಇಲ್ಲ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ತೆರ’ ಎಂಬ ಮಾತಿತ್ತು. ಹೆಣ್ಣು ತರುವವರು ಹೆಣ್ಣಿನ ಮನೆಗೆ ಕೊಡಬೇಕಾದ ಹಣಕ್ಕೆ ತೆರ ಎಂದು ಹೆಸರು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಸಿದ್ಧಪಡಿಸಿ, ಮೈಸೂರು ವಿಶ್ವವಿದ್ಯಾನಿಲಯ 1928ರಿಂದ 1935ರ ನಡುವೆ ಹೊರತಂದ ಮೈಸೂರಿನ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ತೆರೆದರೆ ಸಮುದಾಯದಿಂದ ಸಮುದಾಯಕ್ಕೆ ತೆರದ ಲೆಕ್ಕ ಸಿಗುತ್ತದೆ. ಆಮೇಲೆ ವರದಕ್ಷಿಣೆ ಬಂದು ಹಣ ಹರಿಯುವ ದಿಕ್ಕೇ ತಿರುಗಿತು. ಆ ಕಥೆ ಬೇರೆ. ಇಲ್ಲಿ ಕೇಳಬೇಕೆಂದಿರುವುದು ಇಷ್ಟು: ಪ್ರಾಣಿಗಳಲ್ಲಿ ತೆರ ಕೊಡುವವರು ಯಾರು? ಜೋಡಿ ಆರಿಸಿಕೊಳ್ಳುವುದು ಅವುಗಳಿಗೆ ಪುಕ್ಕಟೆಯೇ? ಪ್ರಾಣಿಶಾಸ್ತ್ರ ಈ ಪ್ರಶ್ನೆಯ ಒಂದು ಅರ್ಧಕ್ಕೆ ನೂರೈವತ್ತು ವರ್ಷಗಳ ಹಿಂದೆಯೇ ಉತ್ತರ ಹುಡುಕತೊಡಗಿತು. ಉಳಿದರ್ಧವನ್ನು ಕೇಳಿದ್ದು ತೀರ ಈಚೆಗೆ. ಅದಕ್ಕೆ ಸಿಕ್ಕಿದ ಉತ್ತರಗಳಲ್ಲಿ ಒಂದು ಒಳ್ಳೆಯ ಉತ್ತರ ನಮ್ಮ ಮಲೆನಾಡಿನಿಂದಲೇ ಬಂದಿದೆ.

ಮೊದಲ ಅರ್ಧ ಶುರುವಾಗುವುದು ನವಿಲಿನಿಂದ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ತನ್ನ ವಿಕಾಸವಾದವನ್ನು ಪ್ರಕಟಿಸಿದ. ಬದುಕಲು ನೆರವಾಗುವ ಗುಣ ಉಳಿಯುತ್ತದೆ, ಅಡ್ಡಿಯಾಗುವ ಗುಣ ಅಳಿಯುತ್ತದೆ ಎಂಬುದು ಅದರ ತಿರುಳು. ಹಾಗಾದರೆ ಗಂಡು ನವಿಲಿಗೆ ಅಷ್ಟುದ್ದದ ಗರಿಯ ಜೊಂಪೆ ಏಕೆ? ಮರುವರ್ಷ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ನವಿಲುಗರಿ ಕಣ್ಣಿಗೆ ಬಿದ್ದಾಗಲೆಲ್ಲ ತನಗೆ ಹೊಟ್ಟೆ ತೊಳಸಿದಂತಾಗುತ್ತದೆ ಎಂದು ಅವನು ಹೇಳಿಕೊಂಡ. ಸಿದ್ಧಾಂತ ಅಲ್ಲಿ ಸಿಕ್ಕಿಕೊಂಡಿತ್ತು. 1871ರ ಪುಸ್ತಕದಲ್ಲಿ ಅವನು ಉತ್ತರ ಕೊಟ್ಟ: ಬದುಕುವುದಷ್ಟೇ ಸಾಲದು, ಜೋಡಿಯೂ ಸಿಗಬೇಕು. ಕೆಲವು ಗಂಡುಗಳು ಪರಸ್ಪರ ಕಾದಾಡಿ ಗೆಲ್ಲುತ್ತವೆ. ಜಿಂಕೆಯ ಕೊಂಬು ಬಂದದ್ದು ಹಾಗೆ. ಇನ್ನು ಕೆಲವು ಕಡೆ ಹೆಣ್ಣೇ ನೋಡಿ ಆರಿಸುತ್ತದೆ. ನವಿಲಿನ ಗರಿ ಬಂದದ್ದು ಹಾಗೆ. ಹೆಣ್ಣುಗಳು ತಲೆಮಾರು ತಲೆಮಾರಿಗೆ ಚೆಂದದ ಗಂಡನ್ನೇ ಒಪ್ಪುತ್ತ ಬಂದದ್ದರಿಂದ ಗರಿ ಬೆಳೆಯುತ್ತ ಹೋಯಿತು.

ಕಾದಾಟದ ಮಾತನ್ನು ಅಂದಿನ ಪಂಡಿತರು ಸುಲಭವಾಗಿ ಒಪ್ಪಿಕೊಂಡರು. ಹೆಣ್ಣು ಆರಿಸುತ್ತದೆ ಎಂಬ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಡಾರ್ವಿನ್ನನ ಜೊತೆಗೇ ವಿಕಾಸದ ಗುಟ್ಟು ಕಂಡಿದ್ದ ಆಲ್‌ಫ್ರೆಡ್ ವಾಲೇಸ್ ಕೂಡ ಒಪ್ಪಲಿಲ್ಲ. ಹಕ್ಕಿಗೆ, ಅದರಲ್ಲೂ ಹೆಣ್ಣು ಹಕ್ಕಿಗೆ, ಅಂಥ ಸೂಕ್ಷ್ಮ ಅಭಿರುಚಿ ಎಲ್ಲಿಂದ ಬರಬೇಕು ಎಂಬ ಅನುಮಾನ. ತಮ್ಮ ಮನೆಯ ಹೆಣ್ಣುಮಕ್ಕಳಿಗೇ ವರನನ್ನು ಆರಿಸುವ ಹಕ್ಕು ಕೊಡದಿದ್ದ ಕಾಲ ಅದು ಎಂಬುದನ್ನೂ ನೆನೆಯಬೇಕು. ವಿಷಯ ಬಹಳ ಕಾಲ ಮೂಲೆಗೆ ಸೇರಿತು.

ಅದನ್ನು ಎತ್ತಿಕೊಂಡವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್. 1915ರಲ್ಲಿ ಒಂದು ಲೇಖನ, 1930ರಲ್ಲಿ ಒಂದು ಪುಸ್ತಕ. ಉದ್ದ ಗರಿಯ ಗಂಡನ್ನು ಮೆಚ್ಚುವ ಹೆಣ್ಣಿಗೆ ಉದ್ದ ಗರಿಯ ಗಂಡುಮಕ್ಕಳೂ, ಅಂಥ ಗರಿಯನ್ನೇ ಮೆಚ್ಚುವ ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ಗರಿಯೂ ಮೆಚ್ಚುಗೆಯೂ ಒಂದನ್ನೊಂದು ಎಳೆದುಕೊಂಡು ಓಡುತ್ತವೆ, ಭಾರ ಹೊರಲಾರದೆ ಗಂಡು ಸಾಯತೊಡಗಿದಾಗ ಮಾತ್ರ ನಿಲ್ಲುತ್ತವೆ ಎಂದ ಅವನು. 1975ರಲ್ಲಿ ಇಸ್ರೇಲಿನ ಅಮೋಟ್ಸ್ ಜಹಾವಿ ಇದನ್ನು ತಲೆಕೆಳಗು ಮಾಡಿದ. ಭಾರವಿರುವುದೇ ಗರಿಯ ಉಪಯೋಗ. ಇಷ್ಟು ಹೊತ್ತುಕೊಂಡೂ ಬದುಕಿದ್ದೇನೆ ನೋಡು ಎಂದು ಗಂಡು ತೋರಿಸುತ್ತದೆ. ರೋಗಿಷ್ಠನಿಗೆ ಆ ಸುಳ್ಳು ಹೇಳಲು ಆಗದು. ಖರ್ಚಾಗುವುದರಿಂದಲೇ ಮಾತಿಗೆ ಬೆಲೆ. ಮದುವೆ ಚಪ್ಪರದ ಆಡಂಬರ ಕಂಡವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನವಿಲಿನ ವಿಚಾರ ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ ಎನ್ನಬೇಕು. ಇಂಗ್ಲೆಂಡಿನ ಮರಿಯನ್ ಪೆಟ್ರಿ ಮತ್ತು ಸಂಗಡಿಗರು 1991ರಲ್ಲಿ, ಗರಿಯಲ್ಲಿ ಕಣ್ಣುಗಳು ಹೆಚ್ಚಿರುವ ಗಂಡಿಗೆ ಹೆಚ್ಚು ಹೆಣ್ಣು ಒಲಿಯುತ್ತವೆ ಎಂದು ತೋರಿಸಿದರು. 1994ರಲ್ಲಿ ಅಂಥ ತಂದೆಯ ಮರಿಗಳು ಚೆನ್ನಾಗಿ ಬೆಳೆಯುತ್ತವೆ ಎಂದೂ ತೋರಿಸಿದರು. ಜಪಾನಿನಲ್ಲಿ ಮರಿಕೊ ತಕಾಹಾಶಿ ಮತ್ತು ಸಂಗಡಿಗರು ವರ್ಷಗಟ್ಟಲೆ ನೋಡಿ 2008ರಲ್ಲಿ, ನಮಗೆ ಹಾಗೇನೂ ಕಾಣಲಿಲ್ಲ ಎಂದರು. ಗರಿಯ ಭಾರಕ್ಕೆ ನವಿಲು ಹಾರಲಾರದೆ ಹುಲಿಯ ಬಾಯಿಗೆ ಬೀಳುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವಷ್ಟೆ. 2014ರಲ್ಲಿ ಲೀಡ್ಸ್‌ನ ಗ್ರಹಾಂ ಆಸ್ಕ್ಯೂ ಗರಿ ಇರುವಾಗಲೂ ಕತ್ತರಿಸಿದ ಮೇಲೂ ನವಿಲು ನೆಲದಿಂದ ಮೇಲೇಳುವುದನ್ನು ಚಿತ್ರಿಸಿ ಅಳೆದು ನೋಡಿದ. ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ! ನಂಜನಗೂಡಿನ ಕಡೆ ಹೊಲದಿಂದ ನವಿಲು ಅಟ್ಟಿ ಸಾಕಾದ ರೈತರನ್ನು ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರೇನೋ. ವರ್ಷವರ್ಷವೂ ಗರಿ ಉದುರಿಸಿ ಹೊಸದಾಗಿ ಬೆಳೆಸುವ ಖರ್ಚು ಮಾತ್ರ ಇದ್ದೇ ಇದೆ.

ಗಂಡು ಕೊಡುವ ತೆರ ನಿಜವಾಗಿ ಎಷ್ಟಿರಬಹುದು ಎಂದು ನೋಡಲು ನವಿಲಿಗಿಂತ ಆನೆ ಒಳ್ಳೆಯ ಉದಾಹರಣೆ. ಹದಿನಾರಿನಿಂದ ದಕ್ಷಿಣಕ್ಕೆ ಹೊರಟರೆ ಗುಂಡ್ಲುಪೇಟೆ ದಾಟಿದೊಡನೆ ಬಂಡೀಪುರದ ಕಾಡು. ಅದರ ಪೂರ್ವಕ್ಕೆ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ 1980ರ ದಶಕದ ಆರಂಭದಲ್ಲಿ ರಾಮನ್ ಸುಕುಮಾರ್ ಆನೆಗಳ ಹಿಂದೆ ತಿರುಗಿದರು. ರಾಗಿ, ಜೋಳ, ಕಬ್ಬಿನ ಹೊಲಕ್ಕೆ ರಾತ್ರಿ ನುಗ್ಗುವ ಆನೆಗಳ ಲೆಕ್ಕ ಇಟ್ಟರು. ವಯಸ್ಸಿಗೆ ಬಂದ ಸಲಗಗಳು ಮರಿಗಳಿರುವ ಹಿಂಡಿನ ಹೆಣ್ಣಾನೆಗಳಿಗಿಂತ ಹಲವು ಪಟ್ಟು ಹೆಚ್ಚು ಸಲ ಹೊಲಕ್ಕೆ ಬರುತ್ತವೆ ಎಂದು ಕಂಡುಬಂತು. ಹೊಲದಲ್ಲಿ ಬೆಂಕಿಯ ಪಂಜು, ತಮಟೆ, ಪಟಾಕಿ, ಕೆಲವೊಮ್ಮೆ ಬಂದೂಕು, ವಿದ್ಯುತ್ ಹರಿಸಿದ ತಂತಿ. ಇಷ್ಟಿದ್ದರೂ ಸಲಗ ಬರುವುದೇಕೆ? 1988ರಲ್ಲಿ ಮಾಧವ ಗಾಡ್ಗೀಳರೊಂದಿಗೆ ಬರೆದ ಲೇಖನದಲ್ಲಿ ಸುಕುಮಾರ್ ಕೊಟ್ಟ ವಿವರಣೆ ಇದು: ತೆನೆಕಟ್ಟಿದ ರಾಗಿಯಲ್ಲಿ ಕಾಡಿನ ಹುಲ್ಲಿಗಿಂತ ಸಾರ ಹೆಚ್ಚು. ತಿಂದು ಮೈ ಬೆಳೆಸಿದ ಸಲಗಕ್ಕೆ ಮದ ಚೆನ್ನಾಗಿ ಬರುತ್ತದೆ, ಬೇರೆ ಸಲಗಗಳನ್ನು ಹಿಂದೂಡುತ್ತದೆ, ಹೆಣ್ಣಾನೆಗೂ ಅದರತ್ತ ಒಲವು. ಹೆಣ್ಣಾನೆ ಎಷ್ಟು ತಿಂದರೂ ನಾಲ್ಕೈದು ವರ್ಷಕ್ಕೆ ಒಂದೇ ಮರಿ. ಗಂಡಿಗೆ ಲಾಭ ದೊಡ್ಡದು, ಆದ್ದರಿಂದ ಅದು ಜೂಜಾಡುತ್ತದೆ. ನಮ್ಮ ರೈತನ ರಾಗಿ ಹೊಲ ಆ ಜೂಜಿನ ಪಗಡೆ ಹಾಸು.

ದಂತದ ಕಥೆ ಇನ್ನೂ ಕಠೋರ. ದಂತ ಉದ್ದವಿರುವ ಆನೆಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಡಿಮೆ ಎಂದು ಮಿಲಿಂದ್ ವಾಟ್ವೆ ಮತ್ತು ಸುಕುಮಾರ್ 1997ರಲ್ಲಿ ಬರೆದರು. ಮುದುಮಲೆಯ ಆನೆಗಳ ಲದ್ದಿ ಪರೀಕ್ಷಿಸಿ ಕಂಡುಕೊಂಡದ್ದು. ಅಂದರೆ ದಂತ ಆರೋಗ್ಯದ ಫಲಕ. ಹೆಣ್ಣಾನೆ ಅದನ್ನು ಓದಿಕೊಂಡರೆ ಅವಳಿಗೆ ಲಾಭ. ಅದೇ ಫಲಕವನ್ನು ಕಳ್ಳಬೇಟೆಗಾರನೂ ಓದಿದ. ದಂತ ಇರುವುದು ಗಂಡಿಗೆ ಮಾತ್ರವಾದ್ದರಿಂದ ಗಂಡುಗಳೇ ಉರುಳಿದವು. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಹಂತದಲ್ಲಿ ಹೆಚ್ಚುಕಡಿಮೆ ನೂರು ಹೆಣ್ಣಾನೆಗೆ ಒಂದು ಬೆಳೆದ ಗಂಡು ಎನ್ನುವ ಸ್ಥಿತಿ ಬಂತು. 1989ರಲ್ಲಿ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿದ್ದ ಮೇಲೂ ನಮ್ಮ ಕಾಡುಗಳಲ್ಲಿ ಬೇಟೆ ಒಂದೇ ಏಟಿಗೆ ನಿಲ್ಲಲಿಲ್ಲ. ಹೆಣ್ಣಿನ ಒಪ್ಪಿಗೆಗಾಗಿ ಬೆಳೆದದ್ದು ಗಂಡಿನ ಕುತ್ತಿಗೆಗೆ ಬಂತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡಿನ ಖರ್ಚು. ಆರಿಸಿಕೊಳ್ಳುವ ಹೆಣ್ಣು ಏನು ಕೊಡುತ್ತದೆ?

ಗೀಜಗನ ಗೂಡು ನೋಡದವರಿಲ್ಲ. ಮುಂಬಯಿ ಬಳಿಯ ಕಿಹೀಮ್‌ನಲ್ಲಿ 1930ರಲ್ಲಿ ಸಲೀಂ ಅಲಿ ಗೀಜಗಗಳ ಒಂದು ಕಾಲೊನಿಯನ್ನು ಹತ್ತಿರದಿಂದ ನೋಡಿ ಮುಂದಿನ ವರ್ಷ ಬರೆದ ಲೇಖನವನ್ನು ಹಕ್ಕಿ ನೋಡುವವರು ಈಗಲೂ ನೆನೆಯುತ್ತಾರೆ. ಗಂಡು ಅರ್ಧ ಗೂಡು, ಶಿರಸ್ತ್ರಾಣದ ಆಕಾರದವರೆಗೆ ಹೆಣೆದು ನಿಲ್ಲಿಸುತ್ತದೆ. ಆಗ ಹೆಣ್ಣುಗಳು ತಪಾಸಣೆಗೆ ಬರುತ್ತವೆ. ಒಳಗೆ ಕೂತು ನೋಡುತ್ತವೆ, ಕೊಕ್ಕಿನಿಂದ ಎಳೆದು ನೋಡುತ್ತವೆ. ಒಪ್ಪಿದರೆ ಉಳಿದ ಅರ್ಧ ಪೂರ್ತಿಯಾಗುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕೂತೊಡನೆ ಗಂಡು ಇನ್ನೊಂದು ಗೂಡಿಗೆ, ಇನ್ನೊಂದು ಹೆಣ್ಣಿಗೆ ಕೈಹಾಕುತ್ತದೆ. ಒಪ್ಪದಿದ್ದರೆ ಆ ಅರ್ಧ ಗೂಡು ಹಾಗೆಯೇ ತೂಗಾಡುತ್ತಿರುತ್ತದೆ. ಒಂದು ಗೂಡಿಗೆ ಸುಮಾರು 18 ದಿನದ ಕೆಲಸ, ನಾರು ತರಲು ನೂರಾರು ಸಲ ಹಾರಾಟ. ಗಂಡಿನ ನಷ್ಟ ಎಲ್ಲರಿಗೂ ಕಾಣುತ್ತದೆ. ಗೂಡಿಂದ ಗೂಡಿಗೆ ಹೋಗಿ ಪರೀಕ್ಷಿಸುವ ಹೆಣ್ಣಿಗೂ ಹೊತ್ತು ಕಳೆಯುತ್ತದೆ; ಮಳೆಗಾಲದ ಕಾಳು ಹುಳುಗಳ ಸುಗ್ಗಿ ಮುಗಿಯುವುದರೊಳಗೆ ಮರಿ ಹಾರಬೇಕು. ಹಾಗಾದರೆ ಅವಳು ಏಕೆ ಇಷ್ಟು ನೋಡುತ್ತಾಳೆ? ಸುಹೇಲ್ ಕ್ವಾದರ್ ಅವರು 2005ರ ಸುಮಾರಿಗೆ ಪ್ರಕಟಿಸಿದ ಸಂಶೋಧನೆಯಂತೆ ಅವಳ ಲಕ್ಷ್ಯ ನೇಯ್ಗೆಯ ಅಂದಕ್ಕಿಂತ ಗೂಡು ಎಲ್ಲಿ ತೂಗುತ್ತಿದೆ ಎಂಬುದರ ಮೇಲೆ. ಮುಳ್ಳಿನ ಮರವೇ, ಕೆಳಗೆ ನೀರಿದೆಯೇ, ಹಾವು ಬರಲಾಗದಷ್ಟು ಎತ್ತರವೇ. ತಡವಾದರೂ ಅಡ್ಡಿಯಿಲ್ಲ, ಮರಿ ಉಳಿಯಬೇಕು ಎಂಬ ಲೆಕ್ಕ.

ವಿಜ್ಞಾನಿಗಳು ಈ ಲೆಕ್ಕಕ್ಕೆ ತಡವಾಗಿ ಬಂದರು. ಮೊಟ್ಟೆ ದೊಡ್ಡದು, ವೀರ್ಯಾಣು ಅಗ್ಗ. ಆದ್ದರಿಂದ ಹೆಣ್ಣು ಕಾದು ನೋಡುತ್ತದೆ, ಗಂಡು ಅವಸರ ಪಡುತ್ತದೆ ಎಂಬುದು 1948ರ ಬೇಟ್‌ಮನ್ ಮತ್ತು 1972ರ ಟ್ರಿವರ್ಸ್ ಬರೆದದ್ದರ ಸಾರ. ಕಾದು ನೋಡುವವಳಿಗೆ ಕಾಯುವುದರ ಖರ್ಚು ಎಷ್ಟು ಎಂದು ಕೇಳದೆ ಬಹಳ ಜನ ಮುಂದೆ ಹೋದರು. 1987ರಲ್ಲಿ ಆಂಡ್ರ್ಯೂ ಪೋಮಿಯಾಂಕೋವ್‌ಸ್ಕಿ ಗಣಿತದಿಂದ ತೋರಿಸಿದ: ಆರಿಸುವವಳಿಗೆ ಅಲ್ಪ ಖರ್ಚಿದ್ದರೂ ಸಾಕು, ಫಿಶರ್ ಹೇಳಿದ ಓಟದ ಲೆಕ್ಕ ಬದಲಾಗುತ್ತದೆ. ಗಂಡಿನ ಚೆಂದದಿಂದ ಅವಳಿಗೆ ಬೇರೇನಾದರೂ ಪ್ರಯೋಜನ ಸಿಗದಿದ್ದರೆ ಆರಿಸುವ ಚಟವೇ ಸವೆದುಹೋಗಬೇಕು. ಆಮೇಲೆ ಜನ ಅಳೆಯತೊಡಗಿದರು. ಕ್ಯಾಲಿಫೋರ್ನಿಯಾದಲ್ಲಿ ಹತ್ತಾರು ಗಂಡುಗಳು ಒಂದು ಬಯಲಲ್ಲಿ ಸೇರಿ ಕುಣಿಯುವ ಸೇಜ್ ಗ್ರೌಸ್ ಎಂಬ ಹಕ್ಕಿಯಲ್ಲಿ ಹೆಣ್ಣು ಸುತ್ತಾಡಿ ನೋಡುವ ಖರ್ಚು ಅವಳ ದಿನದ ಖರ್ಚಿನಲ್ಲಿ ತೀರ ಸಣ್ಣ ಅಂಶ ಎಂದು 1992ರಲ್ಲಿ ಗೊತ್ತಾಯಿತು. ನಮ್ಮ ಕೃಷ್ಣಮೃಗಗಳಲ್ಲೂ ಹೀಗೆ ಗಂಡುಗಳ ಸಂತೆ ನೆರೆಯುವುದುಂಟು. ಗುಜರಾತಿನ ವೇಳಾವದರದಲ್ಲಿ ಅದನ್ನು ಕವಿತಾ ಈಶ್ವರನ್ ಅಧ್ಯಯನ ಮಾಡಿದ್ದಾರೆ. ಸಂತೆಗೆ ಬಂದ ಹೆಣ್ಣು ನೋಡಿ ಹೋಗುತ್ತದೆ, ಕಾಲಳತೆಯ ಜಾಗ ಹಿಡಿದು ಮೇವು ಬಿಟ್ಟು ನಿಂತ ಗಂಡುಗಳು ಸೊರಗುತ್ತವೆ.

ಹಾಗಾದರೆ ಹೆಣ್ಣಿನ ತೆರ ನಗಣ್ಯವೇ? ಶಕ್ತಿಯ ಲೆಕ್ಕದಲ್ಲಿ ಇರಬಹುದು. ಪ್ರಾಣದ ಲೆಕ್ಕ ಬೇರೆ. ಅದನ್ನು ತಿಳಿಯಲು ಕುದುರೆಮುಖದ ಕಡೆಗೆ ಹೋಗಬೇಕು.

ಮಲೆನಾಡಿನ ರಾತ್ರಿ ಎಂದರೆ ಕೀಟಗಳ ಗದ್ದಲ. ಇಂಗ್ಲಿಷಿನಲ್ಲಿ ಕೇಟಿಡಿಡ್ ಎನ್ನುವ ಎಲೆಮಿಡತೆಗಳು ಎಲೆಯಂಥದೇ ಹಸಿರು ರೆಕ್ಕೆಯನ್ನು ಒಂದಕ್ಕೊಂದು ಉಜ್ಜಿ ಹಾಡುತ್ತವೆ. ಹಾಡುವುದು ಗಂಡು. ಹೆಣ್ಣು ಸದ್ದಿಲ್ಲದೆ ಕೇಳಿ, ಆ ದನಿಯ ಜಾಡು ಹಿಡಿದು ಹಾರಿ ಹೋಗುತ್ತದೆ. ಕತ್ತಲೆಯಲ್ಲಿ ಕೂಗುವವನಿಗೆ ಅಪಾಯ ಎಂಬುದು ಸಾಮಾನ್ಯ ತಿಳಿವಳಿಕೆ. 1981ರಲ್ಲಿ ಟಟಲ್ ಮತ್ತು ರಯಾನ್ ಎಂಬವರು ಪನಾಮಾ ದೇಶದ ಕಾಡಿನಲ್ಲಿ, ಗಂಡುಕಪ್ಪೆಯ ವಟಗುಟ್ಟುವಿಕೆ ಕೇಳಿ ಬಾವಲಿ ನೇರವಾಗಿ ಬಂದು ಅದನ್ನು ಎತ್ತಿಕೊಂಡು ಹೋಗುವುದನ್ನು ತೋರಿಸಿದ್ದರು. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಅದೇ ಉದಾಹರಣೆ. ಗಂಡು ಹಾಡಿ ಸಾಯುತ್ತದೆ, ಹೆಣ್ಣು ಕೇಳಿ ಬದುಕುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಇದನ್ನು ನಮ್ಮ ಕಾಡಿನಲ್ಲಿ ಪರೀಕ್ಷಿಸಿದರು. ಮೆಗಾಡರ್ಮಾ ಸ್ಪಾಸ್ಮಾ ಎಂಬುದು ಕೀಟ ಹಿಡಿದು ತಿನ್ನುವ ಬಾವಲಿ. ಅದು ಬೇಟೆಯನ್ನು ತಾನು ತೂಗುವ ಜಾಗಕ್ಕೆ ತಂದು ರೆಕ್ಕೆ ಕಿತ್ತು ಕೆಳಗೆ ಎಸೆದು ಮೈಯನ್ನು ಮಾತ್ರ ತಿನ್ನುತ್ತದೆ. ಬಾವಲಿಯ ಮನೆಯ ಕೆಳಗೆ ಬಿದ್ದ ರೆಕ್ಕೆಗಳೇ ಅದರ ಊಟದ ದಿನಚರಿ. ಎಲೆಮಿಡತೆಯ ಗಂಡಿನ ರೆಕ್ಕೆಯಲ್ಲಿ ಹಾಡುವ ಸಲಕರಣೆ ಇರುತ್ತದೆ, ಹೆಣ್ಣಿನದರಲ್ಲಿ ಇರುವುದಿಲ್ಲ. ಆದ್ದರಿಂದ ರೆಕ್ಕೆ ಆರಿಸಿ ತಂದರೆ ಸತ್ತವರು ಯಾರೆಂದು ಗೊತ್ತಾಗುತ್ತದೆ. ಆರಿಸಿ ಎಣಿಸಿದರು. ಹಾಡುವ ಗಂಡುಗಳಿಗಿಂತ ಸುಮ್ಮನಿದ್ದ ಹೆಣ್ಣುಗಳ ರೆಕ್ಕೆಯೇ ಬಹಳ ಹೆಚ್ಚು!

ಏಕೆಂದು ತಿಳಿಯಲು ಪ್ರಯೋಗ ಮಾಡಿದರು. ಗಂಡಿನ ಹಾಡನ್ನು ಸ್ಪೀಕರಿನಿಂದ ಕೇಳಿಸಿದಾಗ ಬಾವಲಿ ಕೆಲವೇ ಸಲ ಅತ್ತ ಬಂತು. ದಾರಕ್ಕೆ ಕಟ್ಟಿದ ಮಿಡತೆ ರೆಕ್ಕೆ ಬಡಿದು ಹಾರಿದಾಗ ಪ್ರತಿಸಲವೂ ಬಂತು, ಎರಗಿತು. ಎಲೆಗಳ ಮರೆಯಲ್ಲಿ ಕೂತು ಹಾಡುವವನಿಗಿಂತ ಹಾಡು ಕೇಳಿ ಎದ್ದು ಹೊರಟವಳ ರೆಕ್ಕೆಯ ಸಪ್ಪಳವೇ ಬಾವಲಿಗೆ ಸುಲಭ. 2015ರಲ್ಲಿ ಈ ಸಂಶೋಧನೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಾರ್ವಿನ್ನನ ಪುಸ್ತಕ ಬಂದು ಆಗ 144 ವರ್ಷ. ಅಷ್ಟು ಕಾಲ ಸದ್ದು ಮಾಡುವವನ ಸಾವು ಮಾತ್ರ ಲೆಕ್ಕಕ್ಕೆ ಬಂದಿತ್ತು. ಸದ್ದಿಲ್ಲದವಳದು ಬಾವಲಿ ಮನೆಯ ನೆಲದ ಮೇಲೆ ಬಿದ್ದಿತ್ತು.

ಎಲ್ಲೆಡೆಯೂ ಹೀಗೆಯೇ ಎಂದಲ್ಲ. ಇದೇ ಸಂಸ್ಥೆಯವರು ಚಿಕ್ಕಬಳ್ಳಾಪುರ ಜಿಲ್ಲೆಯ ಕುರುಚಲು ಬಯಲಿನಲ್ಲಿ ಮರಜೀರುಂಡೆ ಎನ್ನಬಹುದಾದ ಒಂದು ಪುಟ್ಟ ಕೀಟವನ್ನು ವರ್ಷಗಳ ಕಾಲ ನೋಡಿದ್ದಾರೆ. ತುಳಸಿಯ ಬಳಗದ ಒಂದು ಕಳೆಗಿಡದ ಮೇಲೆ ಅದರ ವಾಸ, ಅದೇ ಗಿಡದಲ್ಲಿ ಹಸಿರು ಜೇಡ ಹೊಂಚು ಹಾಕಿರುತ್ತದೆ. ವಿರಾಜ್ ತೋರಸೇಕರ್ ಮತ್ತು ಸಂಗಡಿಗರು 2019ರಲ್ಲಿ ಹೇಳಿದ್ದು: ಇಲ್ಲಿ ಕೂಗುವ ಗಂಡಿಗೂ ಹುಡುಕಿ ಬರುವ ಹೆಣ್ಣಿಗೂ ಜೇಡನ ಭಯ ಹೆಚ್ಚುಕಡಿಮೆ ಸಮ.

ಆ ಕೀಟದಲ್ಲಿ ಇನ್ನೊಂದು ಬಗೆಯ ನಷ್ಟವೂ ಬೆಳಕಿಗೆ ಬಂತು. ಹೆಣ್ಣಿಗೆ ಜೋರು ದನಿಯ ಗಂಡು ಇಷ್ಟ; ಜೋರು ದನಿ ದೊಡ್ಡ ಮೈಯ ಗುರುತು. ದನಿ ಸಣ್ಣದಾದ ಕೆಲವು ಪೀಚಲು ಗಂಡುಗಳು ಎಲೆಯ ನಡುವೆ ತಮ್ಮ ರೆಕ್ಕೆಯ ಅಳತೆಗೆ ತೂತು ಕೊರೆದು, ಅದರಲ್ಲಿ ತಲೆತೂರಿಸಿ ನಿಂತು ಹಾಡುತ್ತವೆ. ಎಲೆ ಧ್ವನಿವರ್ಧಕವಾಗಿ ಸದ್ದು ಎರಡು ಮೂರು ಪಟ್ಟಾಗುತ್ತದೆ. ಇಂಥ ಜಾಣತನವನ್ನು ದಕ್ಷಿಣ ಆಫ್ರಿಕದ ಅದರ ದಾಯಾದಿಯಲ್ಲಿ 1975ರಲ್ಲೇ ಕಂಡಿದ್ದರು. ಯಾರು ಹಾಗೆ ಮಾಡುತ್ತಾರೆ, ಫಲ ಏನು ಎಂಬುದನ್ನು ರಿತ್ತಿಕ್ ದೇಬ್, ಸಂಬಿತಾ ಮೋದಕ್ ಮತ್ತು ಬಾಲಕೃಷ್ಣನ್ 2020ರಲ್ಲಿ ವಿವರಿಸಿದರು. ಎಲೆಯ ಸಹಾಯದಿಂದ ಹಾಡಿದ ಚಿಕ್ಕ ಗಂಡಿಗೂ ಹೆಣ್ಣು ಬರುತ್ತದೆ. ಬಂದ ಮೇಲೆಯೂ, ದನಿಗೆ ತಕ್ಕ ಮೈ ಇಲ್ಲವೆಂದು ಹಿಂತಿರುಗದೆ, ದೊಡ್ಡ ದನಿಯವನೊಂದಿಗೆ ಕೂಡುವಷ್ಟೇ ಹೊತ್ತು ಕೂಡುತ್ತದೆ. ಮೋಸ ಹೋಗುವುದೂ ಆರಿಸುವವಳ ತೆರದಲ್ಲಿ ಒಂದು. ಜಹಾವಿಯ ಸಿದ್ಧಾಂತಕ್ಕೂ ಇದು ಒಂದು ಪೆಟ್ಟೇ: ಎಲೆಗೆ ತೂತು ಕೊರೆಯುವುದರಲ್ಲಿ ಗಂಡಿಗೆ ಅಂಥ ಭಾರಿ ಖರ್ಚೇನೂ ಕಾಣುವುದಿಲ್ಲ.

ಇಷ್ಟು ಖರ್ಚು, ಅಪಾಯ, ಮೋಸ ಇರುವಾಗ ವರ್ಷವರ್ಷವೂ ಆರಿಸುವ ಗೋಜನ್ನೇ ತಪ್ಪಿಸಿಕೊಳ್ಳಬಾರದೇಕೆ? ಹಾಗೆ ತಪ್ಪಿಸಿಕೊಂಡ ಪ್ರಾಣಿಗಳೂ ಇವೆ. ಅವುಗಳನ್ನು ನೋಡಲು ಮತ್ತೆ ಹದಿನಾರಿನ ಕೆರೆಗೇ ಬರಬೇಕು.

ನವೆಂಬರ್ ಹೊತ್ತಿಗೆ ಇಲ್ಲಿಗೆ ಬರುವ ಅತಿಥಿಗಳಲ್ಲಿ ಮುಖ್ಯವಾದುದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ಟು, ನಮ್ಮದೇ ಲಡಾಖಿನ ಎತ್ತರದ ಸರೋವರಗಳಲ್ಲಿ ಇವು ಮರಿ ಮಾಡುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಅಂಕಿಯ ಪಟ್ಟಿ ತೊಡಿಸಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಹಿಮಾಲಯ ದಾಟುವಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಯಂತ್ರ ಕಟ್ಟಿ ದಾಖಲಿಸಿದ್ದಾರೆ.

ಗಂಡು ಹೆಣ್ಣು ನೋಡಲು ಒಂದೇ. ಗರಿಯ ಆಡಂಬರವಿಲ್ಲ, ಕೊಂಬಿಲ್ಲ, ಸಂತೆಯಿಲ್ಲ. ಒಮ್ಮೆ ಜೋಡಿಯಾದರೆ ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರು ಸಾಯುವವರೆಗೆ ಜೊತೆ. ಅನ್ಯೋನ್ಯ ದಾಂಪತ್ಯವೆಂದು ಹೊಗಳುವುದಕ್ಕೆ ಮುಂಚೆ ಅವುಗಳ ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಟಿಬೆಟ್ಟಿನ ಬೇಸಿಗೆ ಚಿಕ್ಕದು. ಹಿಮ ಕರಗಿದ ಮೇಲೆ ಗೂಡು ಕಟ್ಟಬೇಕು, ನಾಲ್ಕಾರು ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಕೊಡಬೇಕು, ಮರಿ ಹಾರಲು ಇನ್ನೆರಡು ತಿಂಗಳ ಹತ್ತಿರ ಬೇಕು. ಅಷ್ಟರಲ್ಲಿ ಮತ್ತೆ ಹಿಮ. ಅಲ್ಲಿ ಹೋಗಿ ಗಂಡು ನೋಡುತ್ತ ಹದಿನೈದು ದಿನ ಕಳೆದರೆ ಆ ವರ್ಷದ ಮರಿ ಹೋದಂತೆಯೇ. ಆರಿಸುವ ಖರ್ಚನ್ನು ಒಮ್ಮೆಗೇ ಕೊಟ್ಟು, ಉಳಿದ ವರ್ಷಗಳಲ್ಲಿ ಬಡ್ಡಿ ತಿನ್ನುವ ಏರ್ಪಾಡು ಇದು.

ಜೋಡಿ ಒಡೆದರೆ ಏನಾಗುತ್ತದೆ ಎಂಬುದಕ್ಕೆ ಇದರ ದಾಯಾದಿಯಾದ ಬಾರ್ನಕಲ್ ಬಾತಿನ ಲೆಕ್ಕವಿದೆ. ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಮರಿ ಮಾಡಿ ಬ್ರಿಟನ್ನಿಗೆ ಚಳಿಗಾಲಕ್ಕೆ ಬರುವ ಈ ಬಾತುಗಳ ಕಾಲಿಗೆ ಉಂಗುರ ತೊಡಿಸಿ ಜೆಫ್ ಬ್ಲ್ಯಾಕ್, ಮೈರ್‌ಫಿನ್ ಓವೆನ್ ಮೊದಲಾದವರು ದಶಕಗಳ ಕಾಲ ಹಿಂಬಾಲಿಸಿದರು. ವರ್ಷಕ್ಕೆ ನೂರು ಜೋಡಿಗಳಲ್ಲಿ ಬೇರೆಯಾಗುವುದು ಎರಡೇ. ಜೊತೆ ಕಳೆದುಕೊಂಡು ಹೊಸ ಜೋಡಿ ಕಟ್ಟಿಕೊಂಡವುಗಳಿಗೆ ಮೊದಲಿನಷ್ಟು ಮರಿ ದಕ್ಕುವುದಿಲ್ಲ. ಪಟ್ಟೆತಲೆ ಬಾತುಗಳನ್ನೇ ಜರ್ಮನಿಯ ಸೇವೀಸನ್‌ನಲ್ಲಿ ಸಾಕಿ ನೋಡಿದ ಯೂರ್ಗ್ ಲಾಂಪ್ರೆಕ್ಟ್ 1986ರಲ್ಲಿ ಹಿಂಡಿನೊಳಗಿನ ಅಂತಸ್ತಿನ ಬಗ್ಗೆ ಬರೆದಿದ್ದಾನೆ. ಮರಿಗಳಿರುವ ಸಂಸಾರ ಎಲ್ಲರಿಗಿಂತ ಮೇಲೆ, ಬರೀ ಜೋಡಿ ಅದರ ಕೆಳಗೆ, ಒಂಟಿ ಹಕ್ಕಿ ಎಲ್ಲರಿಂದಲೂ ಕುಕ್ಕಿಸಿಕೊಳ್ಳುವುದು. ಅಲ್ಲಿಯೂ ಎಲ್ಲವೂ ಶಿಸ್ತಲ್ಲ. ಜೋಡಿಯಿರುವ ಗಂಡಿಗೆ ಎರಡನೆಯವಳಾಗಿ ಅಂಟಿಕೊಳ್ಳುವ ಹೆಣ್ಣೂ ಉಂಟು, ಕದ್ದು ಪಕ್ಕದ ಗೂಡಿನಲ್ಲಿ ಮೊಟ್ಟೆಯಿಟ್ಟು ಬರುವ ಹೆಣ್ಣೂ ಉಂಟು.

ಹದಿನಾರಿನಲ್ಲಿ ಬೆಳಗಿನ ಹೊತ್ತು ದೂರದಿಂದ ನೋಡುವವರು ಒಂದನ್ನು ಗಮನಿಸಬಹುದು. ಹಿಂಡು ಹುಲ್ಲು ಮೇಯುವಾಗ ಕೆಲವು ಹಕ್ಕಿಗಳು ಕತ್ತು ನೆಟ್ಟಗೆ ಮಾಡಿ ನಿಂತಿರುತ್ತವೆ. ಜೋಡಿಯಲ್ಲಿ ಹೆಚ್ಚು ಹೊತ್ತು ಹಾಗೆ ನಿಲ್ಲುವುದು ಗಂಡು, ತಲೆ ತಗ್ಗಿಸಿ ಮೇಯುವುದು ಹೆಣ್ಣು. ಗಂಡು ಕೊಡುವ ತೆರ ಆ ಕಳೆದುಕೊಂಡ ಮೇವು. ಹೆಣ್ಣು ಅದನ್ನು ತಿಂದು ಮೈಗೆ ಕೂಡಿಸಿಕೊಳ್ಳುತ್ತದೆ. ಮುಂದೆ ಸಾವಿರಾರು ಮೈಲಿ ಹಾರಿ ಮೊಟ್ಟೆಯಿಡುವುದಕ್ಕೆ, ಗೂಡು ಬಿಟ್ಟೇಳದೆ ಕಾವು ಕೊಡುವುದಕ್ಕೆ ಮೈಯಲ್ಲಿ ಕೂಡಿಟ್ಟದ್ದೇ ಬಂಡವಾಳ. ಹತ್ತಿರದ ಫೋಟೋ ಬೇಕೆಂದು ಯಾರಾದರೂ ದಡಕ್ಕೆ ನುಗ್ಗಿದಾಗ, ನಾಯಿ ಅಟ್ಟಿಸಿಕೊಂಡು ಬಂದಾಗ ಹಿಂಡು ಪೂರ್ತಿ ಎದ್ದು ಕೆರೆಯ ಮೇಲೆ ಎರಡು ಸುತ್ತು ಹಾಕುತ್ತದೆ. ನೋಡುವವರಿಗೆ ಅದು ಸೊಗಸಾದ ದೃಶ್ಯ. ಮೇಯುವ ಹೊತ್ತಿಗೆ ಮೇವೂ ಇಲ್ಲ, ಕೂಡಿಟ್ಟದ್ದೂ ಸುಟ್ಟಿತು. ದಿನಕ್ಕೆ ನಾಲ್ಕು ಸಲ ಹೀಗಾದರೆ ಅದರ ಲೆಕ್ಕ ಬರುವ ಬೇಸಿಗೆಯಲ್ಲಿ ಮಂಗೋಲಿಯಾದ ಗೂಡಿನಲ್ಲಿ ತೀರುತ್ತದೆ.

ಕೆಲವು ಜೋಡಿಗಳ ಹಿಂದೆ ಪಟ್ಟೆ ಮೂಡದ ತಲೆಯ ಹಕ್ಕಿಗಳು ನಡೆಯುತ್ತಿರುತ್ತವೆ. ಅವು ಆ ವರ್ಷದ ಮರಿಗಳು, ದಾರಿ ಕಲಿಯುತ್ತ ಅಪ್ಪ ಅಮ್ಮನ ಜೊತೆ ಬಂದಿರುತ್ತವೆ. ಮಾರ್ಚ್ ಹೊತ್ತಿಗೆ ಎಲ್ಲವೂ ಉತ್ತರಕ್ಕೆ ಹೊರಡುತ್ತವೆ. ಆ ಮರಿಗಳು ಜೋಡಿ ಹುಡುಕಲು ಇನ್ನೂ ಒಂದೆರಡು ವರ್ಷ ಕಳೆಯಬೇಕು.